ಕಾಂಟೆಸ್ಸಾ 32 ಮತ್ತು ಸನ್ ಒಡಿಸ್ಸಿ 349: ಫೌಂಡ್ರಿಯವನು ನೋಡಿದ ಎರಡು ಹಾಯಿದೋಣಿಗಳು

ಹಾಯಿದೋಣಿ ಕೊಳ್ಳಲು ಹೋದರೆ ಮಾರುವವರು ಮೊದಲು ತೋರಿಸುವುದು ಒಳಗಿನ ಅಡುಗೆಮನೆ, ಹಾಸಿಗೆ, ಕುಶನ್ನಿನ ಬಣ್ಣ. ನಾನು ಮೊದಲು ಕೇಳಿದ್ದು ದೋಣಿಯನ್ನು ನೀರಿನಿಂದ ಮೇಲೆತ್ತಿ ತೋರಿಸಿ ಅಂತ. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಪಂಪಿನ ಬಾಡಿ, ವಾಲ್ವ್, ಮೋಟಾರಿನ ಕವಚ, ಹೀಗೆ ಬೀಡು ಕಬ್ಬಿಣದ ಎರಕವೇ ನಮ್ಮ ದಿನದ ಕೆಲಸ. ಮಧ್ಯಮ ಗಾತ್ರದ ಹಾಯಿದೋಣಿಯ ಹೊಟ್ಟೆಯ ಕೆಳಗೆ ಒಂದೂವರೆ, ಎರಡು ಟನ್ ಲೋಹ ಇರುತ್ತದೆ. ಅದಕ್ಕೆ ಕೀಲ್ ಎನ್ನುತ್ತಾರೆ. ಗಾಳಿ ಹಾಯಿಗೆ ಬಡಿದು ದೋಣಿ ವಾಲಿದಾಗ ಮತ್ತೆ ನೆಟ್ಟಗೆ ಎತ್ತಿ ನಿಲ್ಲಿಸುವುದು ಆ ಭಾರವೇ. ಕುಶನ್ ಯಾವಾಗ ಬೇಕಾದರೂ ಬದಲಿಸಬಹುದು, ಕೀಲ್ ಹಾಗಲ್ಲ ಅಲ್ವಾ?

ನಮ್ಮ ಕಡೆಯವರು ಹಾಯಿದೋಣಿಗೆ ಯಾಕೆ ಹೋದರು ಅಂತ ಕೇಳುವವರಿಗೆ ಒಂದೆರಡು ಮಾತು. ಅಕ್ಕ ಮತ್ತು ಭಾವ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದಾರೆ. ಎರಡೂ ಮನೆಯವರು ಸೇರಿ ಒಂದು ಬಳಸಿದ ದೋಣಿ ಕೊಳ್ಳುವುದು, ಮೊದಲ ಕೆಲವು ವರ್ಷ ಅಲ್ಲೇ ಇಡುವುದು, ಆಮೇಲೆ ಗೋವಾಕ್ಕೆ ತರುವುದು ನಮ್ಮ ಯೋಚನೆ. ಬೆಳಗಾವಿಯಲ್ಲಿ ಜೂನ್‌ನಿಂದ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ, ಗೋವಾ ಕಡಲಲ್ಲಿ ಆಗ ಹಾಯಿ ಬಿಚ್ಚುವ ಮಾತೇ ಇಲ್ಲ. ಅದೇ ತಿಂಗಳುಗಳಲ್ಲಿ ಇಂಗ್ಲೆಂಡಿನಲ್ಲಿ ಸೀಸನ್. ನಾನು ಹಾಯಿ ಹಿಡಿಯಲು ಕಲಿತಿದ್ದು ಗೋವಾದಲ್ಲಿ, ಸಣ್ಣ ದೋಣಿಗಳಲ್ಲಿ. ಚೋರ್ಲಾ ಘಾಟ್ ಇಳಿದರೆ ಮಾಂಡೋವಿ. ಅದು ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿದ ಮಹದಾಯಿಯೇ. ಆ ಹೊಳೆಯ ಹೆಸರನ್ನೇ ಹೊತ್ತ ನೌಕಾಪಡೆಯ ಮ್ಹಾದೇಯಿ ಎಂಬ 56 ಅಡಿಯ ಹಾಯಿದೋಣಿಯನ್ನು ಅದೇ ಹೊಳೆಯ ದಿವಾರ್ ದ್ವೀಪದಲ್ಲಿ ಕಟ್ಟಿದರು. ಅದರಲ್ಲಿ ದಿಲೀಪ್ ದೋಂಡೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. ಎಲ್ಲೂ ನಿಲ್ಲದೆ ಸುತ್ತಿದ್ದು ಅಭಿಲಾಷ್ ಟಾಮಿ, 2012-13ರಲ್ಲಿ. ಖಾನಾಪುರದ ಹೊಳೆಯ ಹೆಸರು ಭೂಮಿ ಸುತ್ತಿ ಬಂದಿದೆ ಎನ್ನುವುದು ನನಗಂತೂ ಭಾಳ ದೊಡ್ಡ ಹೆಮ್ಮೆ.

ಸರಿ, ದೋಣಿಗಳಿಗೆ ಬರೋಣ. ಬಹಳ ಜಾಹೀರಾತು ನೋಡಿ, ಕೆಲವನ್ನು ಹತ್ತಿ ಇಳಿದು, ಕೊನೆಗೆ ಉಳಿದದ್ದು ಎರಡು. ಎರಡೂ ಹತ್ತಿರ ಹತ್ತಿರ ಒಂದೇ ಉದ್ದ, ಆದರೆ ಸ್ವಭಾವ ಪೂರ್ತಿ ಬೇರೆ.

ಕಾಂಟೆಸ್ಸಾ 32 ಇಂಗ್ಲೆಂಡಿನದು. ಡೇವಿಡ್ ಸ್ಯಾಡ್ಲರ್ ವಿನ್ಯಾಸ ಮಾಡಿದರು, ಲಿಮಿಂಗ್ಟನ್‌ನ ಜೆರೆಮಿ ರೋಜರ್ಸ್ 1971ರಿಂದ ಕಟ್ಟಿದರು. 700ಕ್ಕೂ ಜಾಸ್ತಿ ದೋಣಿಗಳು ನೀರಿಗಿಳಿದಿವೆ. ಉದ್ದ 32 ಅಡಿ, ಆದರೆ ಅಗಲ ಬರೀ ಒಂಬತ್ತೂವರೆ ಅಡಿ. ತೂಕ ಸುಮಾರು 4,300 ಕೆಜಿ, ಅದರಲ್ಲಿ 2,000 ಕೆಜಿಯಷ್ಟು ಕೀಲಿನ ಭಾರವೇ. ಅಂದರೆ ಹತ್ತಿರ ಹತ್ತಿರ ಅರ್ಧ ತೂಕ ನೀರಿನ ಕೆಳಗೆ. ಈ ದೋಣಿಗೆ ಹೆಸರು ಬಂದದ್ದು 1979ರ ಆಗಸ್ಟ್‌ನ ಫಾಸ್ಟ್‌ನೆಟ್ ರೇಸಿನಲ್ಲಿ. ಇಂಗ್ಲೆಂಡಿನಿಂದ ಹೊರಟು ಐರ್ಲೆಂಡಿನ ಫಾಸ್ಟ್‌ನೆಟ್ ಬಂಡೆ ಸುತ್ತಿ ಬರುವ ಹಾಯಿದೋಣಿ ಸ್ಪರ್ಧೆ ಅದು. 303 ದೋಣಿಗಳು ಹೊರಟಿದ್ದವು, ನಡುಗಡಲಲ್ಲಿ ಬಿರುಗಾಳಿ ಹಿಡಿಯಿತು, ರೇಸಿನಲ್ಲಿದ್ದ 15 ಮಂದಿ ತೀರಿಕೊಂಡರು. ಅತಿ ಸಣ್ಣ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದ್ದು ಒಂದೇ ಒಂದು, ಅಸೆಂಟ್ ಎಂಬ ಕಾಂಟೆಸ್ಸಾ 32. ಆ ದುರಂತದ ನಂತರ ಯಾವ ಆಕಾರದ ದೋಣಿ ಮಗುಚಿದರೂ ತಾನಾಗಿ ಎದ್ದು ನಿಲ್ಲುತ್ತದೆ ಅಂತ ನಡೆದ ಅಧ್ಯಯನಗಳಲ್ಲಿ ಒಳ್ಳೆಯ ಮಾದರಿ ಎಂದು ಇದನ್ನೇ ಇಟ್ಟುಕೊಂಡರು. 150 ಡಿಗ್ರಿವರೆಗೆ, ಅಂದರೆ ಹೆಚ್ಚುಕಡಿಮೆ ತಲೆಕೆಳಗಾಗುವವರೆಗೆ ವಾಲಿದರೂ ಇದು ಮತ್ತೆ ಏಳುತ್ತದೆ.

ಸನ್ ಒಡಿಸ್ಸಿ 349 ಫ್ರಾನ್ಸಿನ ಜಾನೋ ಕಂಪನಿಯದು. ಮಾರ್ಕ್ ಲೊಂಬಾರ್ ವಿನ್ಯಾಸ. ಕಳೆದ ದಶಕದ ಮಧ್ಯದ ದೋಣಿ. ಉದ್ದ 10.34 ಮೀಟರ್, ಅಗಲ 3.44 ಮೀಟರ್, ತೂಕ 5,350 ಕೆಜಿ ಆಸುಪಾಸು. ಕೀಲಿನ ಪಾಲು ಒಟ್ಟು ತೂಕದ ಮೂರನೇ ಒಂದರ ಹತ್ತಿರ. ಹಿಂಭಾಗ ಅಗಲ, ಅಲ್ಲಿ ಎರಡು ಸ್ಟೀರಿಂಗ್ ಚಕ್ರ, ನೀರಿನಲ್ಲಿ ಎರಡು ಚುಕ್ಕಾಣಿ. ಯುರೋಪಿನ ನಿಯಮದ ಎ ದರ್ಜೆಯ ದೋಣಿ, ಅಂದರೆ ದೂರ ಕಡಲಿಗೆ ಹೋಗುವಂಥದ್ದು.

ಈಗ ಕೀಲಿನ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳಿದವರು ನನಗೆ ಸಿಗಲಿಲ್ಲ.

ಕಾಂಟೆಸ್ಸಾದಲ್ಲಿ ಕೀಲ್ ಬೇರೆ ತುಂಡಲ್ಲ. ಫೈಬರ್‌ಗ್ಲಾಸಿನ ಒಡಲೇ ಕೆಳಕ್ಕೆ ಇಳಿದು ಒಂದು ಪೊಳ್ಳು ಆಗುತ್ತದೆ, ಭಾರವನ್ನು ಅದರೊಳಗೆ ಕೂರಿಸಿ ಮುಚ್ಚುತ್ತಾರೆ. ಬೋಲ್ಟ್ ಇಲ್ಲ, ಜೋಡು ಇಲ್ಲ, ತುಕ್ಕಿನ ಚಿಂತೆಯೂ ಕಡಿಮೆ. ನೆಲಕ್ಕೆ ತಾಗಿದರೆ ಹೊರಗಿನ ಫೈಬರ್‌ಗ್ಲಾಸ್ ಕಿತ್ತು ಒಳಗೆ ನೀರು ಸೇರಬಹುದು, ಹಾಗಾಗಿ ಕೆಳಗಿನ ಅಂಚನ್ನು ತಟ್ಟಿ ನೋಡಬೇಕು. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ಒಳಗೆ ಬಿಟ್ಟುಕೊಂಡಿದ್ದರೆ ಡಬ್ ಅನ್ನುತ್ತದೆ. ನಾವು ನೋಡಿದ ದೋಣಿಯಲ್ಲಿ ಉದ್ದಕ್ಕೂ ಟಣ್ ಅಂತಲೇ ಕೇಳಿಸಿತು.

349ರಲ್ಲಿ ಕೀಲ್ ಬೀಡು ಕಬ್ಬಿಣದ್ದು, ಒಡಲಿಗೆ ಬೋಲ್ಟ್ ಹಾಕಿ ಬಿಗಿದದ್ದು. ಈಗಿನ ಬಹಳಷ್ಟು ದೋಣಿಗಳದ್ದು ಹೀಗೇ. ಕಾರಣ ಬೆಲೆ. ಸೀಸ ತೂಕದಲ್ಲಿ ಉತ್ತಮ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ ಬೀಡು ಕಬ್ಬಿಣ 7.2 ಗ್ರಾಂ. ಅದೇ ಭಾರಕ್ಕೆ ಸೀಸದ ಕೀಲ್ ಸಣ್ಣದಾಗುತ್ತದೆ. ಇನ್ನೊಂದು, ಸೀಸ ಮೆತ್ತಗಿನ ಲೋಹ, ಬಂಡೆಗೆ ತಾಗಿದರೆ ತಾನೇ ತಗ್ಗಾಗಿ ಪೆಟ್ಟು ನುಂಗಿಕೊಳ್ಳುತ್ತದೆ. ಬೀಡು ಕಬ್ಬಿಣ ಬಗ್ಗುವುದಿಲ್ಲ, ಪೆಟ್ಟನ್ನು ಸೀದಾ ಬೋಲ್ಟಿಗೂ ಒಡಲಿಗೂ ದಾಟಿಸುತ್ತದೆ.

ಭಾವನಿಗೆ 349ರ ಕೀಲ್ ನೋಡಿ ಎದೆ ಝಲ್ ಎಂದಿತ್ತು. ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದು ಕೆಂಪು ನೀರು ಇಳಿದ ಗೆರೆಗಳು ಕಾಣುತ್ತಿದ್ದವು. ನಾನು ಒಂದು ಗುಳ್ಳೆಯನ್ನು ಕೆರೆದು, ಫೋಟೋ ತೆಗೆದು, ನಮ್ಮ ಫೌಂಡ್ರಿಯ ಹಳೆಯ ಮೋಲ್ಡರ್ ಕಾಕಾಗೆ ಕಳಿಸಿದೆ. ಅವರು ದೊಡ್ಡದು ಮಾಡಿ ನೋಡಿ ಫೋನ್ ಮಾಡಿದರು. "ಈ ತುಕ್ಕಿಗೆ ಹೆದರಬ್ಯಾಡ್ರಿ ಸಾಹೇಬ್ರ. ಇದು ಬರೇ ಮ್ಯಾಲ ಕುಂತದ್ದು. ಜೋಡು ಎಲ್ಲಿ ಕೂಡಿಸ್ಯಾರ, ಅದನ್ನ ತೋರಸ್ರಿ." ನನ್ನ ಅಭಿಪ್ರಾಯವೂ ಅದೇ. ಕೆರೆದ ಜಾಗದಲ್ಲಿ ಬೂದು ಬಣ್ಣದ ಗಟ್ಟಿ ಲೋಹ ಸಿಕ್ಕಿತು, ಚಾಕುವಿನ ತುದಿ ಇಳಿಯಲಿಲ್ಲ. ಬೀಡು ಕಬ್ಬಿಣ ಉಪ್ಪುನೀರಿನಲ್ಲಿ ನಿಜವಾಗಿ ಕೆಟ್ಟರೆ ಕಬ್ಬಿಣ ಕರಗಿ ಹೋಗಿ ಗ್ರಾಫೈಟ್ ಮಾತ್ರ ಉಳಿಯುತ್ತದೆ. ಆಕಾರ ಹಾಗೇ ಇರುತ್ತದೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಆದರೆ ಚಾಕು ಹಾಕಿದರೆ ಕೆತ್ತಿ ಬರುತ್ತದೆ. ಅಂಥದ್ದು ಸಿಕ್ಕಿದ್ದರೆ ನಾನು ಅಲ್ಲಿಂದಲೇ ವಾಪಸ್ ಬರುತ್ತಿದ್ದೆ.

ಮೇಲಿನ ತುಕ್ಕಿಗೆ ಮದ್ದು ಇದೆ. ಗ್ರಿಟ್ ಬ್ಲಾಸ್ಟ್ ಮಾಡಿ, ಅಂದರೆ ಒರಟು ಹರಳನ್ನು ಗಾಳಿಯ ರಭಸದಲ್ಲಿ ಹೊಡೆದು, ಹೊಳೆಯುವ ಲೋಹ ಬರುವವರೆಗೆ ಕೆರೆದು, ತೇವ ಕೂರುವ ಮೊದಲೇ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಒಂದರ ಮೇಲೊಂದು ಕೋಟ್ ಹಾಕಬೇಕು. ಪಾಚಿ, ಚಿಪ್ಪು ಹತ್ತದಿರಲು ಹಚ್ಚುವ ತಾಮ್ರದ ಬಣ್ಣ ನೇರವಾಗಿ ಕಬ್ಬಿಣಕ್ಕೆ ತಾಗಲೇಬಾರದು. ತಾಮ್ರ, ಕಬ್ಬಿಣ, ಉಪ್ಪುನೀರು ಮೂರೂ ಕೂಡಿದರೆ ಬ್ಯಾಟರಿ ಆಗುತ್ತದೆ, ತಿನ್ನಿಸಿಕೊಳ್ಳುವುದು ಕಬ್ಬಿಣ. ಮರೀನಾಗಳಲ್ಲಿ, ಅಂದರೆ ಹಾಯಿದೋಣಿ ನಿಲ್ಲಿಸುವ ಕಟ್ಟೆಗಳಲ್ಲಿ, ತುಕ್ಕಿನ ಗೆರೆ ಕಂಡು ಜನ ಸಾವಿರಗಟ್ಟಲೆ ಪೌಂಡ್ ಬೆಲೆ ಇಳಿಸುತ್ತಾರೆ, ಹೆದರಿ ಓಡುತ್ತಾರೆ. ಕಬ್ಬಿಣದ ಕೆಲಸ ಗೊತ್ತಿರುವ ನಮ್ಮ ಊರಿನವರು ಯಾರೂ ಹೆದರುವ ಅಗತ್ಯವಿಲ್ಲ.

ಹೆದರಬೇಕಾದ್ದು ಜೋಡಿಗೆ. ಕೀಲಿನ ಮೇಲ್ಮೈ ಮತ್ತು ಒಡಲು ಕೂಡುವ ಆ ಒಂದು ಗೆರೆಗೆ. ಅಲ್ಲಿ ಕೂದಲಿನಷ್ಟು ಬಿರುಕು ಬಿದ್ದರೂ ನೀರು ಒಳಗೆ ಹೋಗಿ ನಿಲ್ಲುತ್ತದೆ. ಸ್ಟೇನ್‌ಲೆಸ್ ಬೋಲ್ಟ್ ಗಾಳಿ ಆಡುವ ಕಡೆ ಚೆನ್ನಾಗಿರುತ್ತದೆ, ಗಾಳಿ ಇಲ್ಲದ ನಿಂತ ಉಪ್ಪುನೀರಿನಲ್ಲಿ ಮಾತ್ರ ಅದೂ ಒಳಗೊಳಗೇ ತಿಂದುಹೋಗುತ್ತದೆ. ಮೇಲಿನಿಂದ ನಟ್ ನೋಡಿದರೆ ಫಳಫಳ ಹೊಳೆಯುತ್ತಿರುತ್ತದೆ. ಎರಡನೆಯದು, ದೋಣಿಯ ಒಳಗೆ ಕೀಲಿನ ಭಾರ ಹೊರುವ ಅಡ್ಡಪಟ್ಟಿಗಳ ಚೌಕಟ್ಟು. ಇಂಥ ದೋಣಿಗಳಲ್ಲಿ ಅದನ್ನು ಬೇರೆ ಅಚ್ಚಿನಲ್ಲಿ ಮಾಡಿ ಒಡಲಿಗೆ ಅಂಟಿಸಿರುತ್ತಾರೆ. ದೋಣಿ ಜೋರಾಗಿ ನೆಲಕ್ಕೆ ತಾಗಿದ್ದರೆ ಕೀಲಿನ ಹಿಂದಿನ ತುದಿ ಮೇಲಕ್ಕೆ ತಿವಿದು ಆ ಅಂಟು ಬಿಟ್ಟಿರಬಹುದು. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ನಡುವೆ ಚೀಕಿ ರಫೀಕಿ ಎಂಬ 40 ಅಡಿಯ ದೋಣಿಯ ಕೀಲ್ ಕಳಚಿ ನಾಲ್ವರು ಜೀವ ಕಳೆದುಕೊಂಡರು. ಹಿಂದೆ ನೆಲಕ್ಕೆ ತಾಗಿದ್ದು, ಆಮೇಲಿನ ರಿಪೇರಿಗಳು ಸೇರಿ ಕೀಲ್ ಹಿಡಿದಿದ್ದ ಭಾಗ ಸಡಿಲವಾಗಿದ್ದಿರಬಹುದು ಎಂದು ಬ್ರಿಟನ್ನಿನ ತನಿಖೆ ಹೇಳಿತು. ಅದು ಬೇರೆ ಬ್ರ್ಯಾಂಡಿನ ಬೇರೆ ಮಾದರಿ. ಆದರೆ ಬೋಲ್ಟ್ ಹಾಕಿದ ಕೀಲಿನ ಯಾವ ದೋಣಿ ಕೊಂಡರೂ ಕೇಳಲೇಬೇಕಾದ ಪ್ರಶ್ನೆ ಅದು: ಇದು ಎಲ್ಲಾದರೂ ತಾಗಿದೆಯಾ, ತಾಗಿದ ಮೇಲೆ ಯಾರು ನೋಡಿದರು?

ಸೋಲೆಂಟ್‌ನಲ್ಲಂತೂ ಈ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಸೌತಾಂಪ್ಟನ್ ಎದುರಿನ ಆ ಕಡಲಕಾಲುವೆಯ ನಡುವೆ ಬ್ರಾಂಬಲ್ ಬ್ಯಾಂಕ್ ಅಂತ ಮರಳುದಿಬ್ಬ ಇದೆ. ವರ್ಷಕ್ಕೊಮ್ಮೆ ಭಾರಿ ಇಳಿತದ ದಿನ ಅದು ನೀರಿನಿಂದ ಮೇಲೆ ಬಂದಾಗ ಅಲ್ಲಿನ ಎರಡು ಕ್ಲಬ್ಬಿನವರು ಅದರ ಮೇಲೆ ಕ್ರಿಕೆಟ್ ಆಡುತ್ತಾರೆ. ಉಳಿದ ದಿನ ಅದು ನೀರಿನ ಅಡಿಯಲ್ಲಿ ಕೀಲುಗಳಿಗಾಗಿ ಕಾಯುತ್ತಿರುತ್ತದೆ. 349ರ ಮಾಲೀಕರಿಗೆ ಈ ಪ್ರಶ್ನೆ ಕೇಳಿದಾಗ ಅವರು ಮುಚ್ಚಿಡದೆ, ಒಮ್ಮೆ ಮೆತ್ತಗಿನ ಕೆಸರಿಗೆ ತಾಗಿತ್ತು ಅಂದರು. ಒಳಗಿನ ನೆಲಹಲಗೆ ಎತ್ತಿ ಟಾರ್ಚ್ ಹಿಡಿದು ನೋಡಿದೆ. ಪ್ರತಿ ಬೋಲ್ಟಿನ ಸುತ್ತ, ಅಡ್ಡಪಟ್ಟಿಗಳ ಮೂಲೆಯಲ್ಲಿ, ಕೀಲಿನ ಹಿಂದಿನ ತುದಿ ಬರುವ ಜಾಗದಲ್ಲಿ ಉಗುರು ಆಡಿಸಿದೆ. ನಕ್ಷತ್ರದಂಥ ಬಿರುಕಾಗಲಿ, ರಿಪೇರಿ ಮಾಡಿ ಹೊಸ ಬಣ್ಣ ಹೊಡೆದ ಗುರುತಾಗಲಿ ಸಿಗಲಿಲ್ಲ. ಹೊರಗೆ ಜೋಡಿನ ಗೆರೆಯಲ್ಲಿ ಒಂದು ಕಡೆ ಗೇಣುದ್ದ ಮಾತ್ರ ಸೀಲಂಟ್ ಒಣಗಿ ಎದ್ದಿತ್ತು. ಕಾಕಾಗೆ ಅದರ ಫೋಟೋ ಕಳಿಸಿದೆ. "ಅಲ್ಲೇ ಬಿಚ್ಚಿ ನೋಡ್ರಿ" ಅಂದರು.

ಓಡಿಸಿದ ಅನುಭವಕ್ಕೆ ಬರುತ್ತೇನೆ. ಎರಡನ್ನೂ ಸೋಲೆಂಟ್‌ನಲ್ಲಿ ನೈಋತ್ಯ ಗಾಳಿಯಲ್ಲಿ ಓಡಿಸಿದೆವು. ಕಾಂಟೆಸ್ಸಾ ಕೈಗೆ ಬಂದ ಕೂಡಲೇ ಮನಸ್ಸು ಕದಿಯುತ್ತದೆ. ಸ್ಟೀರಿಂಗ್ ಚಕ್ರ ಇಲ್ಲ, ಚುಕ್ಕಾಣಿಗೆ ಸೀದಾ ಜೋಡಿಸಿದ ಮರದ ಹಿಡಿ. ಗಾಳಿ ಸ್ವಲ್ಪ ಏರಿದರೂ ದೋಣಿ ಬೇಗ ವಾಲುತ್ತದೆ, ಹೊಸಬರು ಬೆಚ್ಚುತ್ತಾರೆ, ಆದರೆ ಒಂದು ಹಂತಕ್ಕೆ ವಾಲಿದ ಮೇಲೆ ಕೀಲಿನ ಭಾರ ಹಿಡಿದು ನಿಲ್ಲಿಸುತ್ತದೆ. ಆಮೇಲೆ ಎಷ್ಟು ಗಾಳಿ ಬಂದರೂ ಅಲ್ಲಾಡುವುದಿಲ್ಲ. ಎದುರಲೆಗೆ ಬಡಿಯುವುದಿಲ್ಲ, ಎರೆಮಣ್ಣಿನಲ್ಲಿ ಒಳ್ಳೆಯ ನೇಗಿಲು ಹೋದ ಹಾಗೆ ಸೀಳಿಕೊಂಡು ಹೋಗುತ್ತದೆ. ಹಿಡಿಯ ಮೇಲೆ ಎರಡೇ ಬೆರಳು ಸಾಕು. ಡೆಕ್ ತಗ್ಗು, ಹಾಗಾಗಿ ನೀರು ಮೈಮೇಲೆ ಬಂದೇ ಬರುತ್ತದೆ. ಭಾವ ಪೂರ್ತಿ ತೊಯ್ದು ಹೋಗಿ, ಕಣ್ಣೊರೆಸಿಕೊಂಡು, "ಬೋಟ್ ಅಂದ್ರ ಇದು ನೋಡು" ಅಂದರು. ನಾನೂ ಒಪ್ಪಿದೆ.

349 ಬೇರೆ ಥರ. ಅಗಲದಿಂದಾಗಿ ಮೊದಮೊದಲು ವಾಲುವುದೇ ಇಲ್ಲ. ಚಹಾ ಕಪ್ ಮೇಜಿನ ಮೇಲೆ ನಿಂತಿರುತ್ತದೆ. ವಾಲಿದಾಗ ಒಂದು ಚುಕ್ಕಾಣಿ ಮೇಲೆ ಬಂದರೂ ಕೆಳಗಿನದು ನೀರಿನಲ್ಲಿ ಆಳವಾಗಿ ಕಚ್ಚಿಕೊಂಡಿರುತ್ತದೆ, ಹಿಡಿತ ತಪ್ಪುವುದಿಲ್ಲ. ನೀರಿನಲ್ಲಿ ಕೂರುವ ಉದ್ದ ಜಾಸ್ತಿ ಇರುವುದರಿಂದ ವೇಗವೂ ಜಾಸ್ತಿ. ಲೆಕ್ಕದ ಪ್ರಕಾರ ಕಾಂಟೆಸ್ಸಾದ ಮಿತಿ ಆರೂವರೆ ನಾಟ್ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.), ಇದರದ್ದು ಏಳೂಕಾಲರ ಮೇಲೆ. ದಿನವಿಡೀ ಓಡಿದರೆ ಈ ವ್ಯತ್ಯಾಸ ದೊಡ್ಡದು, ಕತ್ತಲಾಗುವ ಮೊದಲೇ ಬಂದರು ಸೇರಬಹುದು. ಎದುರಲೆ ಚಿಕ್ಕದಾಗಿ ಒತ್ತೊತ್ತಾಗಿ ಬಂದರೆ ಮಾತ್ರ ಅಗಲ ಹೊಟ್ಟೆ ಡಬಡಬ ಬಡಿಯುತ್ತದೆ. ಮರೀನಾದಲ್ಲಿ ತಿರುಗಿಸುವಾಗಲೂ ಜಾಗ್ರತೆ ಬೇಕು. ಪ್ರೊಪೆಲರ್ ನಡುವೆ, ಚುಕ್ಕಾಣಿಗಳು ಆಚೆ ಈಚೆ, ಆದ್ದರಿಂದ ನಿಂತಲ್ಲೇ ಎಂಜಿನ್ ಒತ್ತಿ ನೀರನ್ನು ಚುಕ್ಕಾಣಿಗೆ ಹೊಡೆದು ತಿರುಗಿಸುವ ಉಪಾಯ ನಡೆಯುವುದಿಲ್ಲ. ಸ್ವಲ್ಪ ವೇಗ ಇದ್ದರೆ ಮಾತ್ರ ತಿರುಗುತ್ತದೆ.

ಒಳಗಿನ ಜಾಗದಲ್ಲಿ ಸ್ಪರ್ಧೆಯೇ ಇಲ್ಲ. ಕಾಂಟೆಸ್ಸಾದಲ್ಲಿ ಎತ್ತರದವರು ತಲೆ ಬಗ್ಗಿಸಬೇಕು, ಇಬ್ಬರಿಗೆ ಚೆಂದ, ನಾಲ್ಕು ಜನ ಆದರೆ ಮೈಗೆ ಮೈ ತಾಗುತ್ತದೆ. 349ರಲ್ಲಿ ಬಾಗಿಲಿರುವ ಮಲಗುವ ಕೋಣೆಗಳಿವೆ, ನೆಟ್ಟಗೆ ನಿಂತು ಅಡುಗೆ ಮಾಡಬಹುದು, ಹಿಂದಿನ ಗೋಡೆ ಮಡಚಿ ಕೆಳಗಿಳಿಸಿದರೆ ನೀರಿಗಿಳಿಯುವ ಮೆಟ್ಟಿಲು. ಅಕ್ಕ ಹತ್ತಿದವಳೇ "ಅವ್ವನ್ನ ಇದರಾಗ ಕರಕೊಂಡ ಬರಬಹುದು" ಅಂದಳು. ನನ್ನ ಮಟ್ಟಿಗೆ ಅದು ತೂಕದ ಮಾತು. ಅವ್ವನಿಗೆ ಮೊಣಕಾಲು ನೋವು, ಕಾಂಟೆಸ್ಸಾದ ಕಡಿದಾದ ಮೆಟ್ಟಿಲು ಇಳಿಯುವುದು ಆಗದ ಮಾತು.

ಗೋವಾಕ್ಕೆ ತಂದರೆ ಹೇಗೆ ಎನ್ನುವುದನ್ನೂ ಯೋಚಿಸಿದೆವು. ಚಳಿಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ, ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ವಾಯವ್ಯದ ಗಾಳಿ. ಬಿರುಗಾಳಿ ಅಪರೂಪ. ಅಂಥ ಸಣ್ಣ ಗಾಳಿಯಲ್ಲಿ ಹೊಸ ವಿನ್ಯಾಸದ ದೋಣಿಯೇ ಚುರುಕು. ಸೆಕೆಗೆ ಗಾಳಿ ಆಡುವ ಕಿಟಕಿಗಳು 349ರಲ್ಲಿ ಜಾಸ್ತಿ. ಮಾಂಡೋವಿಯ ಬಾಯಲ್ಲಿ ಅಗ್ವಾದ ಮರಳುದಿಬ್ಬ ಇದೆ, ಒಳಹೊಳೆಗಳಲ್ಲೂ ಆಳ ಕಡಿಮೆ. ನಾವು ನೋಡಿದ 349 ಕಡಿಮೆ ಆಳದ ಕೀಲಿನದ್ದು, ನೀರಿನ ಕೆಳಗೆ ಒಂದೂವರೆ ಮೀಟರ್ ಮಾತ್ರ. ಆಳದ ಕೀಲಿನದ್ದಾದರೆ ಎರಡು ಮೀಟರ್. ಕಾಂಟೆಸ್ಸಾದ್ದು 1.68 ಮೀಟರ್. ಕಾಂಟೆಸ್ಸಾ ಗೆಲ್ಲುವುದು ಮೀನುಬಲೆಯ ವಿಷಯದಲ್ಲಿ. ನಮ್ಮ ಕರಾವಳಿಯಲ್ಲಿ ರಾತ್ರಿ ದೀಪವಿಲ್ಲದ ಬಲೆಗಳು ಬಹಳ. ಕಾಂಟೆಸ್ಸಾದ ಚುಕ್ಕಾಣಿಯ ಮುಂದೆ ಗಟ್ಟಿ ಆಸರೆ ಇದೆ, ಹಗ್ಗ ಜಾರಿಹೋಗುತ್ತದೆ. ಎರಡು ಚುಕ್ಕಾಣಿ ಇರುವ ದೋಣಿ ಬಲೆ ಹಿಡಿಯುವ ಸಾಧ್ಯತೆ ಜಾಸ್ತಿ, ಹಾಗಾಗಿ ಗೋವಾದಲ್ಲಿ ರಾತ್ರಿ ಓಡಿಸುವುದು ಬೇಡ ಅಂತ ಈಗಲೇ ಮಾತಾಡಿಕೊಂಡಿದ್ದೇವೆ.

ಬೆಲೆ. ಈ ಒಂದು 349ರ ದುಡ್ಡಿಗೆ ನಾವು ನೋಡಿದಂಥ ಕಾಂಟೆಸ್ಸಾ ಮೂರ್ನಾಲ್ಕು ಬರುತ್ತವೆ. ಅದು ಸಣ್ಣ ಮಾತಲ್ಲ. ಹಳೆಯ ದೋಣಿಗೆ ಎಂಜಿನ್, ಹಾಯಿ, ಕೂವೆಮರ ಹಿಡಿದ ಉಕ್ಕಿನ ತಂತಿಗಳು, ವೈರಿಂಗ್ ಎಲ್ಲ ಹೊಸದು ಹಾಕಿದರೂ ಕಾಂಟೆಸ್ಸಾ ಅಗ್ಗವೇ. ಭಾರತಕ್ಕೆ ತರುವಾಗ ಕಸ್ಟಮ್ಸ್ ಸುಂಕದ ಮೇಲೆ ಜಿಎಸ್‌ಟಿ ಬೇರೆ ಬೀಳುತ್ತದೆ. 2025ರ ಸೆಪ್ಟೆಂಬರಿನಿಂದ ವಿಹಾರ ದೋಣಿಗಳಿಗೆ ಅದು ಶೇ 40. ದೋಣಿ ದುಬಾರಿಯಾದಷ್ಟೂ ಆ ಹೊರೆಯೂ ದೊಡ್ಡದು. ಇದನ್ನು ಲೆಕ್ಕ ಹಾಕದೆ ಯಾರೂ ಮುಂದುವರಿಯಬೇಡಿ.

ಇಷ್ಟಾದ ಮೇಲೂ ನನ್ನ ಮತ 349ಕ್ಕೆ. ಕಾಂಟೆಸ್ಸಾ ಇಬ್ಬರು ಸೇರಿ ಬಿರುಗಾಳಿಗೂ ಅಂಜದೆ ದೂರ ಹೋಗುವವರ ದೋಣಿ, ಬಜೆಟ್ ಕಡಿಮೆ ಇರುವ, ಓಡಿಸುವ ಖುಷಿಯೇ ಮುಖ್ಯ ಎನ್ನುವವರು ಕಣ್ಣುಮುಚ್ಚಿ ಅದನ್ನೇ ಕೊಳ್ಳಲಿ. ಅಭಿಲಾಷ್ ಟಾಮಿ 2023ರಲ್ಲಿ, ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಎರಡನೆಯವರಾಗಿ ಬಂದದ್ದೂ ರಸ್ಲರ್ 36 ಎಂಬ ಹಳೆಯ ಮಾದರಿಯ, ಉದ್ದ ಕೀಲಿನ ದೋಣಿಯಲ್ಲೇ. ಅಂಥ ಕಡಲಿಗೆ ಅಂಥ ದೋಣಿಯೇ ಬೇಕು. ನಾವು ಹೋಗುವುದು ಸೋಲೆಂಟ್, ಹವಾ ನೋಡಿಕೊಂಡು ಫ್ರಾನ್ಸಿನ ಬಂದರು ಶೆರ್‌ಬೂರ್, ಮುಂದೆ ಗೋವಾದಿಂದ ಕಾರವಾರ. ಜೊತೆಗೆ ಅವ್ವ, ಅಕ್ಕ, ಮಕ್ಕಳು. ಅವರೆಲ್ಲ ಮುಂದಿನ ವರ್ಷವೂ ಬರುತ್ತೇವೆ ಅನ್ನಬೇಕು. ಕಬ್ಬಿಣದ ಕೀಲ್ ನೋಡಿಕೊಳ್ಳುವುದು ಬೇರೆಯವರಿಗೆ ತಲೆನೋವು ಇರಬಹುದು, ನಮಗೆ ಅದು ಗೊತ್ತಿರುವ ಕೆಲಸ.

ಭಾವ ಒಂದು ವಾರ ಮುಖ ಸಪ್ಪೆ ಮಾಡಿಕೊಂಡಿದ್ದರು, ಈಗ ಒಪ್ಪಿದ್ದಾರೆ. ಮಾಲೀಕರ ಮುಂದೆ ಮೂರು ಷರತ್ತು ಇಟ್ಟಿದ್ದೇವೆ. ನಾವು ಗೊತ್ತು ಮಾಡಿದ, ದೋಣಿ ಪರೀಕ್ಷಿಸುವ ಸರ್ವೇಯರ್ ಒಡಲಿನ ತೇವ ಅಳೆಯಬೇಕು. ಸೀಲಂಟ್ ಎದ್ದ ಜಾಗಕ್ಕೆ ಹತ್ತಿರದ ಎರಡು ಕೀಲ್ ಬೋಲ್ಟ್ ಬಿಚ್ಚಿ ನಮಗೆ ತೋರಿಸಬೇಕು. ಬೋಲ್ಟಿನ ನಡುಭಾಗ ಸವೆದಿದ್ದರೆ ಕೀಲ್ ಪೂರ್ತಿ ಇಳಿಸಿ ಹೊಸ ಬೋಲ್ಟ್ ಹಾಕಿ ಕೂರಿಸುವ ಖರ್ಚು ಅವರದ್ದು. ಮೊದಲ ಎರಡಕ್ಕೆ ಅವರು ಹೂಂ ಅಂದಿದ್ದಾರೆ, ಮೂರನೆಯದರ ಮೇಲೆ ಮಾತು ನಡೆದಿದೆ.